ಓರ್ಮಂಡನ ಹೆಸರು ಹೊಡೆದುಹಾಕಿ

ಮೇಪಲ್ ಬೀದಿ, ಹಾಲ್ಬರ್ಗ್, ಐಯೋವಾ
4 ಆಗಸ್ಟ್ 1985

ಆಶ್ ಅವರೇ,

ನನ್ನ ಕುದುರೆಯನ್ನು ಕೊಂದುಬಿಟ್ಟಿರಿ. ದಾಳ ಹಾಗೆ ಬಿತ್ತು ಎನ್ನುತ್ತೀರಿ. ಡುಲೂತ್‌ನಲ್ಲಿ ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ಉರುಳಿದ ದಾಳವನ್ನು ಇಲ್ಲಿ ಕೂತ ನಾನು ನೋಡಿದೆನೇ? ಅಂಚೆಯಲ್ಲಿ ಆಡುವ ನಿಮ್ಮ ಈ ಆಟದಲ್ಲಿ ಮೂರು ವರ್ಷದಿಂದ ಇದೇ ಆಯಿತು. ನನ್ನ ವೀರ ಓರ್ಮಂಡ್ ಏನು ಮಾಡುತ್ತಾನೆಂದು ನಾನು ಬರೆದು ಅಂಚೆಗೆ ಹಾಕುತ್ತೇನೆ. ನೀವು ದಾಳ ಎಸೆದು ಅವನಿಗೆ ಏನಾಯಿತೆಂದು ಟೈಪ್ ಮಾಡಿ ಕಳಿಸುತ್ತೀರಿ. ಪ್ರತಿ ಸಲವೂ ಅವನ ಕಡೆಯಿಂದ ಏನಾದರೊಂದು ಕಮ್ಮಿಯಾಗಿರುತ್ತದೆ.

ಇರಲಿ. ಉಕ್ಕುಗೈ ಓರ್ಮಂಡ್ ಅಳುವವನಲ್ಲ. ವೆಲ್ದಾರಿನ ದೊರೆ ಅವನನ್ನು ಕಳಿಸಿರುವುದು ಉತ್ತರದ ಬೆಟ್ಟದ ತುದಿಯಿಂದ ಚಳಿಗಾಲದ ಗಂಟೆಯನ್ನು ತರಲಿಕ್ಕೆ. ಅರಮನೆಯ ಗೋಪುರದಲ್ಲಿ ಆ ಗಂಟೆ ಬಾರಿಸಿದರೆ ಇಡೀ ರಾಜ್ಯ ಕೈಲಿದ್ದ ಕೆಲಸ ಬಿಟ್ಟು ಮಂಡಿಯೂರಬೇಕು. ಅಂಥ ಗಂಟೆಗಾಗಿ ಹೊರಟವನು ಕಾಲ್ನಡಿಗೆಯಲ್ಲೂ ಹೋಗುತ್ತಾನೆ. ಸೇತುವೆ ದಾಟಲು ಸುಂಕ ಕೇಳಿದನಲ್ಲ ಆ ಮುದಿ ಕಾವಲುಗಾರ, ಅವನ ಗುಡಿಸಲಿಗೆ ಓರ್ಮಂಡ್ ಬೆಂಕಿ ಇಡುತ್ತಾನೆ. ಇದು ಈ ಸಲದ ನನ್ನ ನಡೆ.

ಲೈಲ್‌ನ ನಡೆಯೂ, ಅಂದರೆ ಅವನ ವೀರ ತಾಸೆಲ್‌ನದು, ಇದೇ ಲಕೋಟೆಯಲ್ಲಿದೆ. ಇಬ್ಬರಿಗೂ ಒಂದೇ ಅಂಚೆಚೀಟಿ. ಹಂದಿಮಾಂಸದ ಕಾರ್ಖಾನೆಯಲ್ಲಿ ತೊಡೆಯ ಮೂಳೆ ಬಿಡಿಸುವ ಸಾಲಿನಲ್ಲಿ ಅವನು ನನ್ನ ಎಡಗಡೆ ನಿಲ್ಲುತ್ತಾನೆ. ನನ್ನ ಮಣಿಕಟ್ಟು ಮರಗಟ್ಟಿದಾಗ ನನ್ನ ಚೂರಿಯನ್ನೂ ಅವನೇ ಮಸೆದು ಕೊಡುತ್ತಾನೆ. ಮೊನ್ನೆ ಊಟದ ಬಿಡುವಿನಲ್ಲಿ ಹೇಳಿದೆ:

"ಏ ಲೈಲ್, ನಿನ್ ಹಗ್ಗದವನಿಗೂ ಹೇಳು, ಒಂದು ಕೊಳ್ಳಿ ಹಿಡ್ಕೊಳ್ಳಲಿ."

"ತಾಸೆಲ್ ಬೆಂಕಿ ಇಡಲ್ಲ. ಹಗ್ಗ ಹೊರಕ್ಕೆ ಬಂದೋನು ಅವನು."

"ಹೇಡಿ."

"ಹೇಡಿನೇ. ನಿನ್ ಕುದುರೆಗಿಂತ ಜಾಸ್ತಿ ದಿನ ಬದುಕ್ತಾನೆ ನೋಡ್ತಿರು."

ವರ್ನಾ ಹ್ರುಸ್ಕಾ

*

ಡುಲೂತ್, ಮಿನೆಸೋಟ
19 ಆಗಸ್ಟ್ 1985

ಶ್ರೀಮತಿ ಹ್ರುಸ್ಕಾ ಅವರಿಗೆ,

ತಮ್ಮ ನಡೆಯ ಫಲ ಹೀಗಿದೆ. ಗುಡಿಸಲು ಪೂರ್ತಿ ಸುಟ್ಟುಹೋಯಿತು. ಕಾವಲುಗಾರ ಮೈಮೇಲಿನ ಬಟ್ಟೆಯಲ್ಲಿ ಕೆಳಗಿನ ಹಳ್ಳಿಗೆ ಓಡಿದ. ಓರ್ಮಂಡನಿಗೆ ಒಂದು ಮರ್ಯಾದೆ ಅಂಕ ಕೂಡಿದೆ. ಕಣಿವೆಯ ಮೇಲಿನ ಹಿಮದಲ್ಲಿ ದಾಳ ಅನುಕೂಲವಾಗಿ ಬೀಳಲಿಲ್ಲ. ಅವನ ಎಡಗೈಯ ಎರಡು ಬೆರಳು ಕಪ್ಪಾಗಿ ಉದುರಿದವು. ತಾಸೆಲ್ ತನ್ನ ಹಗ್ಗದ ಎಳೆ ಬಿಚ್ಚಿ ಗಾಯ ಕಟ್ಟಿದ.

ಹನ್ನೆರಡು ವರ್ಷದಿಂದ ಈ ಆಟ ನಡೆಸುತ್ತಿದ್ದೇನೆ. ತಮ್ಮಷ್ಟು ಶುದ್ಧವಾಗಿ ಆಡುವವರು ಕಡಿಮೆ. ಹದಿನಾಲ್ಕನೇ ನಿಯಮ ತಮಗೆ ನೆನಪಿದೆ ಎಂಬುದು ಪ್ರತಿ ನಡೆಯಲ್ಲೂ ಕಾಣುತ್ತದೆ. ಆಟ ಸೇರುವ ದಿನ ವೀರನ ಸ್ವಭಾವ ಏನೆಂದು ಗುಣಪತ್ರದಲ್ಲಿ ಬರೆದಿರುತ್ತದೋ ಅದೇ ಕೊನೆಯವರೆಗೂ ಇರಬೇಕು. ಅದಕ್ಕೆ ವಿರುದ್ಧ ನಡೆದರೆ ಅಂಕ ಹೋಗುತ್ತದೆ, ಅಂಕ ಸೊನ್ನೆಯಾದರೆ ಹೆಸರೇ ಹೋಗುತ್ತದೆ. ಹೆಸರಿಲ್ಲದವನು ಆಟಗಾರನ ಕೈತಪ್ಪಿ ಆಟ ನಡೆಸುವವನ ಪಾಲಾಗುತ್ತಾನೆ. ಓರ್ಮಂಡನ ಗುಣಪತ್ರದಲ್ಲಿ ತಾವೇ ಬರೆದದ್ದು ಮೂರು ಮಾತು: ಗರ್ವಿ, ಒಂಟಿ, ದೊರೆಗೆ ನಿಷ್ಠ. ಗುಡಿಸಲು ಸುಟ್ಟದ್ದು ಮೂರಕ್ಕೂ ಒಪ್ಪುತ್ತದೆ.

ಮುಂದೆ ಕುರುಬರ ಬಿಡಾರ ಸಿಗುತ್ತದೆ. ತಮ್ಮ ನಡೆ ಕಳಿಸಿ.

ಮಿಲ್ಟನ್ ಆಶ್

*

ಮೇಪಲ್ ಬೀದಿ, ಹಾಲ್ಬರ್ಗ್
6 ಅಕ್ಟೋಬರ್ 1985

ಆಶ್ ಅವರೇ,

ತಡವಾಯಿತು. ಕೆಲಸವಿತ್ತು.

ಓರ್ಮಂಡ್ ಬಿಡಾರಕ್ಕೆ ಬರುತ್ತಾನೆ. ಕತ್ತಿ ಹಿರಿಯುವುದಿಲ್ಲ. ಅವರು ಜಾಗ ಬಿಟ್ಟರೆ ಬೆಂಕಿಯ ಪಕ್ಕ ಕೂರುತ್ತಾನೆ. ಒಬ್ಬಾಕೆ ಬಟ್ಟಲಲ್ಲಿ ಸಾರು ಕೊಡುತ್ತಾಳೆ. ಕುಡಿದು, ಬಟ್ಟಲು ತೊಳೆದು ವಾಪಸು ಕೊಡುತ್ತಾನೆ. ಆಮೇಲೆ ಅವಳ ಹೆಸರು ಕೇಳುತ್ತಾನೆ.

ನನ್ನ ನಡೆ ಇಷ್ಟೇ. ಇದಕ್ಕೆ ಎಷ್ಟು ಅಂಕ ಕಳೆಯುತ್ತೀರೋ ಕಳೆಯಿರಿ.

ಲೈಲ್‌ನ ನಡೆ ಜೊತೆಗಿದೆ. ಅವನ ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡಿ, ಹೊರಗೆ ಗಾಳಿಯಲ್ಲಿ ನಿಂತು ಬರೆದದ್ದು.

ವರ್ನಾ ಹ್ರುಸ್ಕಾ

*

ಡುಲೂತ್
21 ಅಕ್ಟೋಬರ್ 1985

ಶ್ರೀಮತಿ ಹ್ರುಸ್ಕಾ ಅವರಿಗೆ,

ಕೈಬರಹ ತಮ್ಮದೇ, ಬರೆಸಿದವರು ಬೇರೆ ಯಾರೋ ಎಂದು ಅನುಮಾನವಾಗುತ್ತದೆ. ಲೈಲ್ ಒಡೆಗಾರ್ಡ್ ತಮ್ಮ ನಡೆಗಳನ್ನು ಹೇಳಿಕೊಡುತ್ತಿದ್ದಾರೆಯೇ? ಅಥವಾ ತಾವು ಹೊಸದಾಗಿ ಚರ್ಚಿಗೆ ಹೋಗಲು ಶುರುಮಾಡಿದ್ದೀರಾ? ಕಾಗದಕ್ಕೆ ಹೊಗೆಯ ವಾಸನೆ ಬೇರೆ. ಬೇಟೆಗೆ ಹೋಗಿದ್ದಿರೆಂದು ಊಹಿಸುತ್ತೇನೆ. ಜಿಂಕೆ ಬೇಟೆಯ ಕಾಲ ಇನ್ನೂ ಬಂದಿಲ್ಲವಲ್ಲ.

ಗರ್ವಿಯಾದವನು ಕುರುಬರ ಬಟ್ಟಲು ತೊಳೆಯುವುದಿಲ್ಲ. ಎರಡು ಅಂಕ ಕಳೆದಿದ್ದೇನೆ. ಒಂಟಿಯಾದವನು ಹೆಸರು ಕೇಳುವುದಿಲ್ಲ. ಇನ್ನೂ ಒಂದು ಕಳೆದಿದ್ದೇನೆ.

ಆದರೆ ಫಲವನ್ನು ಹೇಳಲೇಬೇಕು. ಆಕೆಯ ಹೆಸರು 'ಇಲ್ವಾ'. ಹೆಸರು ಕೇಳಿದವರಿಗೆ ಮಾತ್ರ ಆಕೆ ಒಂದು ಮಾತು ಹೇಳುತ್ತಾಳೆ ಎಂದು ಹನ್ನೆರಡು ವರ್ಷದ ಹಿಂದೆಯೇ ಬರೆದಿಟ್ಟಿದ್ದೆ. ಇದುವರೆಗೆ ಯಾವ ಆಟಗಾರನೂ ಕೇಳಿರಲಿಲ್ಲ. ಆ ಮಾತು ಹೀಗಿದೆ: "ಗಂಟೆನಾ? ಯಾವ ಗಂಟೆ? ನಿಮ್ ದೊರೆಯ ಮುತ್ತಾತ ನಮ್ ಮನೆಮನೆಯ ಪಾತ್ರೆ ಕಿತ್ಕೊಂಡು ಕರಗಿಸಿ ಎರೆಸಿದ್ದು ಅದು. ಅದು ಬಾರಿಸಿದಾಗೆಲ್ಲ ನಮ್ ಮಕ್ಕಳು ಉಪವಾಸ ಬೀಳ್ತಿದ್ವು. ನಮ್ಮೋರೇ ಹೊತ್ಕೊಂಡು ಬಂದು ಬೆಟ್ಟದ ತುದೀಲಿ ಇಟ್ಟಿದ್ದಾರೆ. ನೀನು ಕೇಳಿದ್ದು ನನ್ ಹೆಸರು ತಾನೆ? ಅದರ ಜೊತೆ ಇದನ್ನೂ ಕೇಳ್ಕೋ."

ಮುಂದಿನ ನಡೆಯಲ್ಲಾದರೂ ಓರ್ಮಂಡ್ ಓರ್ಮಂಡನಂತೆ ವರ್ತಿಸಲಿ.

ಮಿಲ್ಟನ್ ಆಶ್

*

ಮೇಪಲ್ ಬೀದಿ, ಹಾಲ್ಬರ್ಗ್
17 ನವೆಂಬರ್ 1985

ಆಶ್ ಅವರೇ,

ಹೊಗೆಯ ವಾಸನೆ ಬೇಟೆಯದಲ್ಲ. ಕಾರ್ಖಾನೆಯ ಗೇಟಿನ ಮುಂದೆ ಡ್ರಮ್ಮಿನಲ್ಲಿ ಸೌದೆ ಉರಿಸಿಕೊಂಡು ನಿಂತಿದ್ದೇವೆ, ಆಗಸ್ಟ್ ಕೊನೆಯಿಂದ. ಮುಷ್ಕರ. ಕೂಲಿ ಕಾಲು ಭಾಗ ಇಳಿಸುತ್ತೇವೆ, ಸಾಲಿನ ವೇಗ ಏರಿಸುತ್ತೇವೆ ಎಂದರು. ಮೊದಲೇ ಆ ಸಾಲಿನಲ್ಲಿ ಕೈ ಸೀಳಿಕೊಳ್ಳದವರು ಯಾರೂ ಇಲ್ಲ. ಹೊರಗೆ ಬಂದೆವು. ಸಾವಿರಕ್ಕೂ ಹೆಚ್ಚು ಜನ.

ಈಗ ನಿಮ್ಮ ಹದಿನಾಲ್ಕನೇ ನಿಯಮದ ವಿಚಾರ. ಅದನ್ನು ಬರೆದವರು ಎಂದಾದರೂ ನಡೆದಿದ್ದೀರಾ? ಅಂಚೆ ಡಬ್ಬಿಯವರೆಗೆ ಹೋಗಿ ಬರುವ ನಡಿಗೆಯ ಮಾತಲ್ಲ ಇದು. ಕುದುರೆ ಸತ್ತ ಮೇಲೆ, ಬೆರಳು ಉದುರಿದ ಮೇಲೆ, ಹೊಟ್ಟೆ ಬೆನ್ನಿಗೆ ಹತ್ತಿದ ಮೇಲೆ ನಡೆಯುವ ನಡಿಗೆ. ಅಷ್ಟು ದೂರ ನಡೆದೂ ಹೊರಟಾಗ ಇದ್ದಂತೆಯೇ ಇರುವವನು ವೀರನಲ್ಲ, ಕಲ್ಲು. ಮೂರು ವರ್ಷದ ಹಿಂದೆ ಆ ಮೂರು ಮಾತು ಬರೆದವಳು ನಾನೇ. ಆಗ ನನಗೆ ಒಬ್ಬನೇ ಹೊಡೆದು ಗೆಲ್ಲುವವನು ಬೇಕಾಗಿದ್ದ. ಹಗಲೆಲ್ಲ ತಲೆ ತಗ್ಗಿಸಿ ಮೂಳೆ ಬಿಡಿಸುವವಳಿಗೆ ಸಂಜೆ ಅಂಥವನೊಬ್ಬ ಬೇಕಾಗುತ್ತಾನೆ.

ಮುಷ್ಕರ ಶುರುವಾದ ಹೊಸದರಲ್ಲಿ ನಾನೂ ಓರ್ಮಂಡನೇ. ಕಾರ್ಮಿಕ ಸಂಘದ ಸಭಾಂಗಣದಲ್ಲಿ ಸೂಪು ಕೊಡುತ್ತಾರೆಂದು ಗೊತ್ತಿದ್ದರೂ ಹೋಗಲಿಲ್ಲ. ಕೊನೆಗೆ ಹೋದೆ. ದೊಡ್ಡ ಸೌಟು ಹಿಡಿದು ನಿಂತಿದ್ದವಳು ಬೆಸ್ಸಿ. ವಯಸ್ಸು ಅರವತ್ತು ದಾಟಿದೆ, ಕರುಳು ತೊಳೆಯುವ ವಿಭಾಗದವಳು. ಹತ್ತು ವರ್ಷ ಒಂದೇ ಬಾಗಿಲಲ್ಲಿ ಒಳಗೆ ಹೋಗಿ ಹೊರಗೆ ಬಂದಿದ್ದೇವೆ. ನನ್ನ ಮುಖ ನೋಡಿದಳು.

"ಮಹಾರಾಣಿ ಬಂದ್ರು! ದಾರಿ ಬಿಡ್ರೋ. ಏನಮ್ಮಾ, ನಿಂಗೆ ಚಿನ್ನದ ಬಟ್ಟಲು ಬೇಕಾ?"

"ಇರೋದ್ರಲ್ಲೇ ಕೊಡಮ್ಮ."

"ಕೊಡ್ತೀನಿ. ತೊಳ್ದು ಇಟ್ಟು ಹೋಗ್ಬೇಕು. ಅಂದ ಹಾಗೆ, ನನ್ ಹೆಸರು ಏನು ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ, ಆಶ್ ಅವರೇ. ಹತ್ತು ವರ್ಷ. ಆ ಸಂಜೆಯೇ ಓರ್ಮಂಡ್ ಬಟ್ಟಲು ತೊಳೆದದ್ದು.

ಲೈಲ್ ಹೇಳಿಕೊಟ್ಟನಂತೆ! ಅವನು ಡ್ರಮ್ಮಿನ ಪಕ್ಕ ತನ್ನ ಕಾಲ್ಚೀಲ ಒಣಗಿಸಿಕೊಳ್ಳುತ್ತ, "ಕುರುಬರ ಇಲ್ವಾ ಹೇಳಿದ್ದು ಕೇಳಿದ್ಯಾ? ಇನ್ನೇನ್ ಮಾಡ್ತೀಯ? ಗಂಟೆ ತಗೊಂಡ್ಹೋಗಿ ದೊರೆ ಕಾಲಡಿ ಇಡ್ತೀಯಾ?" ಎಂದು ಕಾಡಿಸುತ್ತಾನೆ.

ನನ್ನ ನಡೆ: ಓರ್ಮಂಡ್ ಕುರುಬರ ಜೊತೆಯಲ್ಲೇ ಬೆಟ್ಟ ಹತ್ತುತ್ತಾನೆ. ಅವರ ಹೊರೆಯಲ್ಲಿ ಅರ್ಧ ಇವನ ಬೆನ್ನ ಮೇಲೆ.

ವರ್ನಾ ಹ್ರುಸ್ಕಾ

*

ಡುಲೂತ್
9 ಡಿಸೆಂಬರ್ 1985

ಶ್ರೀಮತಿ ಹ್ರುಸ್ಕಾ ಅವರಿಗೆ,

ಆಟದ ಮೇಜಿಗೆ ರಾಜಕೀಯ ತರಬಾರದೆಂಬುದು ನನ್ನ ಅಭ್ಯಾಸ. ಆದ್ದರಿಂದ ಆ ವಿಚಾರದ ಮೇಲೆ ಏನೂ ಹೇಳುವುದಿಲ್ಲ.

ಹೊರೆ ಹೊತ್ತದ್ದಕ್ಕೆ ಅಂಕ ಕಳೆಯಬೇಕಾಯಿತು. ಈಗ ಓರ್ಮಂಡನಲ್ಲಿ ಉಳಿದಿರುವುದು ಒಂದೇ ಅಂಕ. ಇನ್ನೊಂದು ಸಲ ಸ್ವಭಾವ ಬಿಟ್ಟು ನಡೆದರೆ ಅವನ ಹೆಸರು ಹೋಗುತ್ತದೆ, ಅವನು ತಮ್ಮವನಾಗಿ ಉಳಿಯುವುದಿಲ್ಲ. ಮೂರು ವರ್ಷ ನಡೆಸಿದ ವೀರನನ್ನು ಒಂದು ಹೊರೆಗಾಗಿ ಕಳೆದುಕೊಳ್ಳಬೇಡಿ. ಇದು ಎಚ್ಚರಿಕೆ ಅಲ್ಲ, ಕೋರಿಕೆ.

ಬೆಟ್ಟದ ತುದಿಗೆ ಮುಂಚೆ ಹಗ್ಗದ ಸೇತುವೆ ಇದೆ. ಕೆಳಗೆ ತಳ ಕಾಣದ ಕಮರಿ. ತಾಸೆಲ್ ಮುಂದೆ ಹೋಗಿ ಸೇತುವೆಯ ನಡುವೆ ಇದ್ದಾನೆ. ಓರ್ಮಂಡ್ ಈಚೆ ದಡದಲ್ಲಿದ್ದಾನೆ. ಇಬ್ಬರ ನಡೆಗೂ ಕಾಯುತ್ತಿದ್ದೇನೆ.

ಬೇರೆ ಪೊಟ್ಟಣದಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು ಕಳಿಸಿದ್ದೇನೆ. ನಮ್ಮ ಸರೋವರದ್ದು. ಒಬ್ಬನಿಗೆ ಹೆಚ್ಚಾಗಿತ್ತು.

ಮಿಲ್ಟನ್ ಆಶ್

*

ಸಂಘದ ಸಭಾಂಗಣದ ವಿಳಾಸ, ಹಾಲ್ಬರ್ಗ್
26 ಜನವರಿ 1986

ಆಶ್ ಅವರೇ,

ವಿಳಾಸ ಬದಲಾಗಿದೆ. ಯಾಕೆಂದು ಕೇಳಬೇಡಿ. ಮೀನು ಬಂತು, ಬೆಸ್ಸಿ ಎಲ್ಲರಿಗೂ ಹಂಚಿದಳು.

ಈ ಲಕೋಟೆಯಲ್ಲಿ ನನ್ನ ನಡೆ ಒಂದೇ ಇದೆ. ಲೈಲ್ ತನ್ನದನ್ನು ಕಳಿಸುತ್ತಾನೋ ಬಿಡುತ್ತಾನೋ ನನಗೆ ಗೊತ್ತಿಲ್ಲ. ಸೋಮವಾರ ಕಾರ್ಖಾನೆಯವರು ಗೇಟು ತೆರೆದು ಹೊರಗಿನ ಜನರನ್ನು ಕೆಲಸಕ್ಕೆ ತುಂಬಿಸಿಕೊಂಡರು. ಪೊಲೀಸ್ ಜೀಪಿನ ಹಿಂದೆ ಟ್ರಕ್ಕುಗಳ ಸಾಲು. ಮೂರನೆಯದು ಹಸಿರು ಬಣ್ಣದ್ದು, ಒಂದು ದೀಪ ಒಡೆದದ್ದು. ಆ ದೀಪ ಒಡೆದಾಗ ನಾನು ಅದೇ ಟ್ರಕ್ಕಿನೊಳಗೆ ಕೂತಿದ್ದೆ. ಲೈಲ್ ನನ್ನ ಮುಂದೆಯೇ ಒಳಗೆ ಹೋದ. ಕಿಟಕಿಯ ಗಾಜು ಏರಿಸಿಕೊಂಡಿದ್ದ.

"ಅದು ಅವನಲ್ಲ ಬಿಡೇ," ಎಂದಳು ಬೆಸ್ಸಿ.

"ಅವನೇ."

"ಹಂಗಾದ್ರೆ ನೀನು ಈಗ ಕಲ್ಲು ಎಸಿಬೇಡ. ಗುರಿ ತಪ್ಪಲ್ಲ ನಿಂದು."

ಎಸೆಯಲಿಲ್ಲ. ಅದಕ್ಕೆ ನಿಮ್ಮ ಸೇತುವೆ ಇದೆಯಲ್ಲ. ನನ್ನ ನಡೆ ಬರೆದುಕೊಳ್ಳಿ: ಓರ್ಮಂಡ್ ಕತ್ತಿ ಹಿರಿದು ಸೇತುವೆಯ ಹಗ್ಗ ಕಡಿಯುತ್ತಾನೆ. ತಾಸೆಲ್ ನಡುವೆ ಇರುವಾಗಲೇ. ಮಾತಿಲ್ಲ, ಎಚ್ಚರಿಕೆ ಇಲ್ಲ. ಆಮೇಲೆ ಬೇರೆ ದಾರಿ ಹುಡುಕಿ ಒಬ್ಬನೇ ಹೋಗಿ ಗಂಟೆ ತಂದು ದೊರೆಗೆ ಕೊಡುತ್ತಾನೆ.

ಗರ್ವಿ, ಒಂಟಿ, ದೊರೆಗೆ ನಿಷ್ಠ. ನಿಮಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ತೆಗೆದುಕೊಳ್ಳಿ. ಅಂಕ ಕೊಡಿ.

ವರ್ನಾ

*

ಡುಲೂತ್
5 ಫೆಬ್ರವರಿ 1986

ವರ್ನಾ ಅವರಿಗೆ,

ತಮ್ಮ ನಡೆ ನಿಯಮಕ್ಕೆ ಪೂರ್ತಿ ಒಪ್ಪುತ್ತದೆ. ಲೆಕ್ಕದ ಪ್ರಕಾರ ಎರಡು ಅಂಕ ಸಿಗಬೇಕು. ಹೆಸರು ಉಳಿಯುತ್ತದೆ. ಓರ್ಮಂಡ್ ತಮ್ಮವನಾಗಿಯೇ ಉಳಿಯುತ್ತಾನೆ.

ದಾಳ ಕೈಗೆ ತೆಗೆದುಕೊಂಡೆ. ಉರುಳಿಸಲು ಆಗಲಿಲ್ಲ. ಹೀಗೆ ಹಿಂದೆ ಯಾವತ್ತೂ ಆಗಿಲ್ಲ. ತಮ್ಮ ನಡೆಯನ್ನು ಇದೇ ಲಕೋಟೆಯಲ್ಲಿ ವಾಪಸು ಕಳಿಸುತ್ತಿದ್ದೇನೆ. ಹೀಗೆ ವಾಪಸು ಕಳಿಸಬಹುದೆಂದು ಯಾವ ನಿಯಮದಲ್ಲೂ ಇಲ್ಲ.

ಕೋಪ ಇಳಿಸಿಕೊಳ್ಳಿ ಎಂದು ಹೇಳಲು ನನಗೆ ಅಧಿಕಾರವಿಲ್ಲ. ಗೇಟಿನ ಮುಂದೆ ನಿಂತವರು ನೀವು. ಸ್ವಭಾವಕ್ಕೆ ತಕ್ಕಂತೆ ನಡೆಯಿರೆಂದು ಮೂರು ಪತ್ರಗಳಲ್ಲಿ ಗೋಗರೆದವನು ನಾನು. ಹಾಗೆ ನಡೆದಾಗ ಅದು ಎಷ್ಟು ಅಸಹ್ಯವಾಗಿ ಕಾಣುತ್ತದೆಂದು ಮುಂಚೆ ಊಹಿಸಿರಲಿಲ್ಲ.

ಲೈಲ್ ಅವರ ನಡೆ ಬಂದಿದೆ. ಒಬ್ಬ ಆಟಗಾರನ ನಡೆಯನ್ನು ಇನ್ನೊಬ್ಬರಿಗೆ ಮುಂಚೆಯೇ ಹೇಳಬಾರದೆಂದು ಒಂಬತ್ತನೇ ನಿಯಮ. ಅದನ್ನು ನಾನು ಮುರಿಯುವುದಿಲ್ಲ. ಇಬ್ಬರ ಕಾಗದವೂ ಈ ಮೇಜಿನ ಮೇಲೆ ಅಕ್ಕಪಕ್ಕ ಇತ್ತು ಎಂದಷ್ಟೇ ಹೇಳುತ್ತೇನೆ.

ಮತ್ತೊಮ್ಮೆ ಬರೆಯಿರಿ. ಇದನ್ನೇ ಬರೆದರೆ ಇದನ್ನೇ ನಡೆಸಿಕೊಡುತ್ತೇನೆ.

ಮಿಲ್ಟನ್ ಆಶ್

*

ಸಂಘದ ಸಭಾಂಗಣ, ಹಾಲ್ಬರ್ಗ್
23 ಫೆಬ್ರವರಿ 1986

ಮಿಲ್ಟನ್,

ಮೊದಲು ಬೈಗುಳ. ನನ್ನ ನಡೆ ವಾಪಸು ಕಳಿಸಲು ನೀವು ಯಾರು? ಆ ಕಾಗದ ಓದಿ ಹರಿದೆ. ಹರಿದ ಮೇಲೆ ಎರಡು ವಾರ ಏನೂ ಬರೆಯಲಾಗಲಿಲ್ಲ.

ಮೊನ್ನೆ ಬಟ್ಟೆ ಒಗೆಯುವ ಅಂಗಡಿಗೆ ಹೋದೆ. ಈಗ ನನಗೆ ಸ್ವಂತ ಯಂತ್ರ ಇಡಲು ಜಾಗವಿಲ್ಲ. ಅಲ್ಲಿ ಲೈಲ್ ಕೂತಿದ್ದ. ಅವನ ಯಂತ್ರದ ಗಾಜಿನೊಳಗೆ ಕಾರ್ಖಾನೆಯ ಬಿಳಿ ಅಂಗಿ ತಿರುಗುತ್ತಿತ್ತು.

"ಮಾತಾಡಲ್ವಾ?" ಎಂದ.

"ನಿನ್ ಅಂಗಿ ಮಾತಾಡ್ತಿದೆಯಲ್ಲ, ಸಾಕು."

"ರೋಸಿಗೆ ಉಸಿರಾಟದ ತೊಂದ್ರೆ ಅಂತ ನಿಂಗೆ ಗೊತ್ತು. ಕಂಪನಿ ವಿಮೆ ನಿಲ್ಲಿಸ್ತು. ಔಷಧಿ ಇಲ್ದೆ ಮಗೀನ ಹೆಂಗೆ ನೋಡ್ತಾ ಕೂರ್ಲಿ?"

"ಸಭಾಂಗಣಕ್ಕೆ ಬಂದು ಹೇಳ್ಬೇಕಿತ್ತು. ಬೆಸ್ಸಿ ಗಂಡನ ಚಿಕಿತ್ಸೆಗೆ ಎಲ್ಲಾ ಸೇರಿ ದಾರಿ ಮಾಡ್ಲಿಲ್ವಾ?"

"ಕೇಳಕ್ಕೆ ನಾಚಿಕೆ ಆಯ್ತು ವರ್ನಾ."

"ಕೇಳಕ್ಕೆ ನಾಚಿಕೆ. ನಮ್ ಎದೆ ಮೇಲೆ ಟ್ರಕ್ ಓಡಿಸ್ಕೊಂಡು ಹೋಗಕ್ಕೆ ಇಲ್ಲ."

ತಲೆ ತಗ್ಗಿಸಿದ. ನಾನು ಬಿಡಲಿಲ್ಲ.

"ನನ್ ಜಾಗದಲ್ಲಿ ಯಾರು ನಿಲ್ತಾರೆ ಈಗ?"

"ಎಲ್ಲಿಂದಲೋ ಕರ್ಕೊಂಡ್ ಬಂದಿದ್ದಾರೆ, ಒಬ್ಬ ಹೆಂಗಸು. ಚೂರಿ ಹಿಡಿಯೋಕೂ ಯಾರೂ ಕಲಿಸಿಲ್ಲ. ಮೊನ್ನೆ ಬೆರಳು ಹೋಯ್ತು. ಸಾಲು ನಿಲ್ಲಿಸ್ಲಿಲ್ಲ."

"ಅವಳ ಹೆಸರೇನು?"

ಅವನಿಗೆ ಗೊತ್ತಿರಲಿಲ್ಲ. ನಾನು ಒದ್ದೆ ಬಟ್ಟೆಯನ್ನೇ ಚೀಲಕ್ಕೆ ತುಂಬಿಕೊಂಡು ಎದ್ದು ಬಂದೆ.

ಮಿಲ್ಟನ್, ನಾನು ಅವನನ್ನು ಕ್ಷಮಿಸಿಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಚರ್ಚಿಗೂ ಹೋಗುತ್ತಿಲ್ಲ. ಮಗುವಿನ ಉಸಿರನ್ನು ಹಿಡಿದು ಅಪ್ಪನನ್ನು ಎಳೆದುಕೊಂಡವರು ಒಳಗೆ ಬೆಚ್ಚಗೆ ಕೂತಿದ್ದಾರೆ, ಅವರಿಗೆ ನಾನು ಉತ್ತರ ಹೇಳಬೇಕಾದದ್ದು ಬೇರೆ ಇದೆ. ಲೈಲ್ ಮಾಡಿದ್ದೂ ದ್ರೋಹವೇ. ಎರಡೂ ನಿಜ.

ಆದರೆ ಹಗ್ಗ ಕಡಿ ಎಂದವನು ಹೊರಡುವ ದಿನದ ಓರ್ಮಂಡ್. ಅವನ ಕುದುರೆ ಬದುಕಿತ್ತು, ಹತ್ತು ಬೆರಳೂ ಇದ್ದವು, ಯಾರ ಬಟ್ಟಲನ್ನೂ ಅವನು ತೊಳೆದಿರಲಿಲ್ಲ. ಅವನನ್ನು ನಾನು ಎಷ್ಟೋ ದೂರ ಹಿಂದೆ ಬಿಟ್ಟು ಬಂದಿದ್ದೇನೆ. ಕೋಪ ಬಂದ ಕೂಡಲೇ ಓಡಿಹೋಗಿ ಅವನನ್ನೇ ಕರೆತಂದೆ. ತಪ್ಪಿದವನನ್ನು ಕಮರಿಗೆ ತಳ್ಳಿ ಕೈ ತೊಳೆದುಕೊಳ್ಳುವುದು ದೊರೆಗಳ ಪದ್ಧತಿ. ನಮ್ಮ ಪದ್ಧತಿ ಅದಲ್ಲ. ನಾವು ಕುತ್ತಿಗೆಪಟ್ಟಿ ಹಿಡಿದು ಎಲ್ಲರ ಮುಂದೆ ತಂದು ನಿಲ್ಲಿಸಿ, ಯಾಕೆ ಹೀಗೆ ಮಾಡಿದೆ ಹೇಳು ಎಂದು ಕೇಳುತ್ತೇವೆ. ಅದು ಕಡಿಯುವುದಕ್ಕಿಂತ ಕಷ್ಟ, ಇಬ್ಬರಿಗೂ.

ನನ್ನ ನಡೆ: ಓರ್ಮಂಡ್ ಕತ್ತಿಯನ್ನು ಈಚೆ ದಡದಲ್ಲಿ ಇಟ್ಟು ಸೇತುವೆಯ ನಡುವಿಗೆ ಹೋಗುತ್ತಾನೆ. ತಾಸೆಲ್‌ನ ಕುತ್ತಿಗೆಪಟ್ಟಿ ಹಿಡಿದು ಕುರುಬರ ಬೆಂಕಿಯ ಮುಂದೆ ಎಳೆದು ತರುತ್ತಾನೆ. ಅಪ್ಪಿಕೊಳ್ಳುವುದಿಲ್ಲ. ಅವನು ಉತ್ತರ ಹೇಳುವವರೆಗೆ ಸಾರು ಕೊಡುವುದಿಲ್ಲ. ಗಂಟೆಯನ್ನು ದೊರೆಗೆ ಕೊಡುವುದೂ ಇಲ್ಲ, ಅದು ಇಲ್ವಾಳ ಜನರದ್ದು.

ಗರ್ವವೂ ಹೋಯಿತು, ಒಂಟಿತನವೂ ಹೋಯಿತು, ದೊರೆಯೂ ಹೋದ. ನಿಮ್ಮ ಆ ಒಂದು ಅಂಕ ಕಿತ್ತುಕೊಳ್ಳಿ. ಓರ್ಮಂಡನ ಹೆಸರು ಹೊಡೆದುಹಾಕಿ. ಅವನು ನನ್ನ ಕೈತಪ್ಪುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೆಸರಿಲ್ಲದವನಾಗಿ ನಡೆಯಲಿ, ನಡೆಯುವುದನ್ನು ಕಲಿತಿದ್ದಾನೆ.

ವರ್ನಾ

*

ಡುಲೂತ್
12 ಮಾರ್ಚ್ 1986

ವರ್ನಾ ಅವರಿಗೆ,

ಕೆಂಪು ಶಾಯಿಯಲ್ಲಿ ಹೆಸರು ಹೊಡೆದಿದ್ದೇನೆ. ನಿಯಮ ನಿಯಮವೇ.

ನಡೆ ಮುಗಿದಿರುವುದರಿಂದ ಈಗ ಹೇಳಬಹುದು. ಜನವರಿಯಲ್ಲಿ ಲೈಲ್ ಕಳಿಸಿದ ಕಾಗದದಲ್ಲಿ ಇದ್ದದ್ದು ಇಷ್ಟು: "ತಾಸೆಲ್ ಸೇತುವೆಯ ನಡುವೆ ಹಗ್ಗ ಕೆಳಗಿಟ್ಟು ಕೂರುತ್ತಾನೆ. ಓರ್ಮಂಡ್ ಏನು ಮಾಡಿದರೂ ತಡೆಯುವುದಿಲ್ಲ." ಕುತ್ತಿಗೆಪಟ್ಟಿ ಹಿಡಿದಾಗ ತಡೆಯಲಿಲ್ಲ. ಬೆಂಕಿಯ ಮುಂದೆ ಏನು ಹೇಳಿದ ಎಂಬುದನ್ನು ಲೈಲ್ ಬರೆಯಬೇಕು, ನಾನು ಊಹಿಸಿ ಬರೆಯುವುದಿಲ್ಲ.

ಹೆಸರಿಲ್ಲದವನು ಈಗ ನನ್ನ ಪಾಲು. ಇಷ್ಟು ವರ್ಷ ಬೇರೆಯವರ ನಡೆಗೆ ಫಲ ಹೇಳಿಕೊಂಡು ಕೂತವನಿಗೆ ಸ್ವಂತ ನಡೆ ಬರೆಯುವುದು ಹೊಸದು. ನಾಲ್ಕು ಹಾಳೆ ಹಾಳುಮಾಡಿದೆ. ಕೊನೆಗೆ ಬರೆದದ್ದು: ಆತ, ಇಲ್ವಾ ಮತ್ತು ಆಕೆಯ ಜನ ಬೆಟ್ಟದ ತುದಿ ಮುಟ್ಟುತ್ತಾರೆ. ಗಂಟೆಗೆ ತಾಸೆಲ್‌ನ ಹಗ್ಗ ಬಿಗಿಯುತ್ತಾರೆ. ಕೆಳಗಿಳಿಸಿ ಕರಗಿಸಿ ಮತ್ತೆ ಮನೆಮನೆಯ ಪಾತ್ರೆ ಮಾಡಬೇಕೆಂದು ಎಲ್ಲರೂ ಸೇರಿ ಎಳೆಯುತ್ತಾರೆ.

ನಾನು ಸರಿಯಾಗಿ ಆಡಿದೆನೇ?

ಸ್ವಂತ ನಡೆಗೆ ಸ್ವಂತ ದಾಳ ಎಸೆಯಬಾರದು. ಅದೂ ನಿಯಮವೇ. ಆದ್ದರಿಂದ ದಾಳವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನನ್ನ ಅಡುಗೆಮನೆಯಲ್ಲಿ ಅದು ಹೇಗೆ ಬೀಳುತ್ತದೋ ಕಂಡವರು ಯಾರು ಎಂದು ಒಮ್ಮೆ ಕೇಳಿದ್ದಿರಿ. ಈ ಸಲ ನೀವೇ ಉರುಳಿಸಿ. ಐದು ಅಥವಾ ಆರು ಬಿದ್ದರೆ ಗಂಟೆ ಕೆಳಗಿಳಿಯುತ್ತದೆ.

ಇನ್ನೊಂದು ಪೊಟ್ಟಣ ಮೀನು ಕಳಿಸಿದ್ದೇನೆ. ಈ ಸಲ ಹೆಚ್ಚಾಗಿದ್ದಲ್ಲ, ಕೊಂಡು ತಂದದ್ದು.

ಮಿಲ್ಟನ್

*

ಸಂಘದ ಸಭಾಂಗಣ, ಹಾಲ್ಬರ್ಗ್
6 ಏಪ್ರಿಲ್ 1986

ಮಿಲ್ಟನ್,

ಸರಿಯಾಗಿ ಆಡಿದ್ದೀರಿ. ಒಂದು ಕಡೆ ತಪ್ಪಿದ್ದೀರಿ, ಅದನ್ನು ಕೊನೆಗೆ ಹೇಳುತ್ತೇನೆ.

ಗೇಟಿನ ಮುಂದೆ ಇನ್ನೂ ಇದ್ದೇವೆ. ಹಿಮ ಕರಗಿ ಕೆಸರಾಗಿದೆ. ಡ್ರಮ್ಮು ಹಾಗೇ ಉರಿಯುತ್ತಿದೆ. ಒಳಗೆ ಹೋದವರಲ್ಲಿ ಕೆಲವರು ಹೊರಗೆ ಬರುತ್ತಿದ್ದಾರೆ. ಬೆರಳು ಕಳೆದುಕೊಂಡವಳು ಮೊದಲು ಬಂದಳು. ಅವಳ ಹೆಸರು ಒಡೆಸ್ಸಾ. ಕೈಗೆ ಬಟ್ಟೆ ಸುತ್ತಿಕೊಂಡೇ ಗೇಟಿನ ಈಚೆ ಬಂದು, "ಇಲ್ಲಿ ನಿಲ್ಲಕ್ಕೆ ಯಾರನ್ನ ಕೇಳ್ಬೇಕು?" ಎಂದಳು. ಬೆಸ್ಸಿ ಅವಳ ಕೈಗೆ ಬಟ್ಟಲು ಕೊಟ್ಟಳು.

ಕಳೆದ ವಾರ ಲೈಲ್ ಬಂದ. ತಾನಾಗಿಯೇ. ಸಭಾಂಗಣದ ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತ. ಇಡೀ ಸಭಾಂಗಣ ತಿನ್ನುವುದನ್ನು ನಿಲ್ಲಿಸಿತು.

"ಬಾ ಮಗನೇ, ಮಧ್ಯಕ್ಕೆ ಬಾ," ಎಂದಳು ಬೆಸ್ಸಿ. "ಬಾಗಿಲಲ್ಲಿ ನಿಂತ್ರೆ ಬೆಚ್ಚಗಿರೋದೆಲ್ಲ ಹೊರಗೆ ಹೋಗುತ್ತೆ."

"ಒಳಗಡೆ ಕೆಲಸ ಬಿಟ್ಟೆ," ಎಂದ.

"ಅದು ಆಮೇಲೆ. ಯಾಕ್ ಹೋದೆ, ಅದನ್ನ ಮೊದ್ಲು ಹೇಳು. ಇಲ್ಲಿರೋರ ಮುಖ ನೋಡ್ಕೊಂಡು ಹೇಳು."

ಹೇಳಿದ. ರೋಸಿಯ ವಿಷಯ, ನಾಚಿಕೆಯ ವಿಷಯ, ಗಾಜು ಏರಿಸಿಕೊಂಡ ವಿಷಯ. ಯಾರೋ ಹಿಂದಿನಿಂದ "ಥೂ" ಎಂದರು. ಯಾರೋ ಅತ್ತರು. ಒಬ್ಬ ಎದ್ದು ಹೊರಗೆ ಹೋದ, ಇನ್ನೂ ಲೈಲ್‌ನ ಜೊತೆ ಮಾತಾಡುವುದಿಲ್ಲ. ಅದು ಅವನ ಹಕ್ಕು. ರೋಸಿಯ ಔಷಧಿಗೆ ಏನು ಮಾಡಬೇಕೆಂದು ಅದೇ ಸಭೆಯಲ್ಲಿ ತೀರ್ಮಾನವಾಯಿತು, ಅವಳ ಅಪ್ಪ ಅಲ್ಲೇ ನಿಂತು ಕೇಳಿಸಿಕೊಳ್ಳುವಾಗಲೇ. ಕೊನೆಗೆ ಬೆಸ್ಸಿ ಒಂದು ಮೂಟೆ ಆಲೂಗಡ್ಡೆ ತೋರಿಸಿದಳು: "ಚೂರಿ ಮಸೆಯೋದು ಚೆನ್ನಾಗಿ ಬರುತ್ತಂತಲ್ಲ ನಿಂಗೆ? ಕೂತ್ಕೋ. ಸಿಪ್ಪೆ ತೆಳ್ಳಗಿರ್ಬೇಕು."

ಈಗ ದಿನವೂ ಬಂದು ಕೂರುತ್ತಾನೆ. ನಾನು ಆ ಮೇಜಿಗೆ ಹೋಗುವುದಿಲ್ಲ. ಅವನ ನಡೆ ಈ ಲಕೋಟೆಯಲ್ಲಿಲ್ಲ, ತನ್ನದನ್ನು ತಾನೇ ಕಳಿಸುತ್ತಾನಂತೆ. ಅಂಚೆಚೀಟಿ ಹಂಚಿಕೊಳ್ಳುವಷ್ಟು ದೂರ ನಾವಿನ್ನೂ ನಡೆದು ಬಂದಿಲ್ಲ. ನಿನ್ನೆ ಮಾತ್ರ ನನ್ನ ಚೂರಿ ಮೊಂಡಾಗಿತ್ತು. ಅವನ ಮೇಜಿನ ತುದಿಯಲ್ಲಿ ಇಟ್ಟು ಬಂದೆ. ಸಂಜೆ ಮಸೆದದ್ದು ಅಲ್ಲೇ ಇತ್ತು.

ದಾಳವನ್ನು ಇವತ್ತು ಮಧ್ಯಾಹ್ನ ಸೂಪಿನ ಮೇಜಿನ ಮೇಲೆ ಉರುಳಿಸಿದೆ. ಸುತ್ತ ಅರ್ಧ ಸಭಾಂಗಣ ಸೇರಿತ್ತು. ಗಂಟೆಯ ಕಥೆ ಈಗ ಎಲ್ಲರಿಗೂ ಗೊತ್ತು.

ಎರಡು ಬಿತ್ತು.

ಬೆಸ್ಸಿ ಬಗ್ಗಿ ನೋಡಿದಳು. "ಎರಡಾ? ಅಂದ್ರೆ ಏನು, ಸತ್ತೋದ್ರಾ?"

"ಇಲ್ಲ. ಗಂಟೆ ಅಲುಗಲಿಲ್ಲ ಅಷ್ಟೆ."

"ಅಷ್ಟೇನಾ! ಹಂಗಾದ್ರೆ ಎಳೆಯೋರು ಸಾಲ್ದು. ಇನ್ನೂ ಜನ ಕರ್ಕೊಂಡ್ ಬರ್ಲಿ."

ನೀವು ತಪ್ಪಿದ್ದು ಅಲ್ಲೇ, ಮಿಲ್ಟನ್. ಬೆಟ್ಟದ ಮೇಲಿನವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಿ. ಆದ್ದರಿಂದ ಫಲ ನಾನು ಹೇಳುತ್ತೇನೆ, ಟೈಪ್ ಮಾಡಿಕೊಳ್ಳಿ. ಗಂಟೆ ಅಲುಗಲಿಲ್ಲ. ಹಗ್ಗ ಗಟ್ಟಿಯಾಗಿದೆ, ತುಂಡಾಗಲಿಲ್ಲ. ಹೆಸರಿಲ್ಲದವನು ಕೆಳಗಿಳಿದು ಸುಂಕದ ಸೇತುವೆಯ ಆ ಮುದಿ ಕಾವಲುಗಾರನನ್ನು ಹುಡುಕುತ್ತಾನೆ. ಮೊದಲು ಅವನ ಗುಡಿಸಲನ್ನು ಮತ್ತೆ ಕಟ್ಟಿಕೊಡುತ್ತಾನೆ, ಎಂಟೇ ಬೆರಳಿನಲ್ಲಿ. ಆಮೇಲೆ ಅವನ ಹೆಸರು ಕೇಳುತ್ತಾನೆ. ಗಂಟೆಯ ವಿಷಯ ಅದಾದ ಮೇಲೆ. ಅಲ್ಲಿಂದ ಮುಂದಿನ ಹಳ್ಳಿ, ಅದರಾಚೆಯ ಹಳ್ಳಿ. ಗಂಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಭಾರವಾಗಿದೆ, ಅಷ್ಟೆ. ನಾವು ಅದಕ್ಕಿಂತ ಭಾರವಾಗುವವರೆಗೆ ಎಳೆಯುತ್ತಲೇ ಇರುತ್ತೇವೆ.

ದಾಳವನ್ನು ವಾಪಸು ಕಳಿಸುತ್ತಿಲ್ಲ. ಅದು ಇಲ್ಲೇ ಸೂಪಿನ ಮೇಜಿನ ಮೇಲೆ ಇರುತ್ತದೆ.

ವರ್ನಾ